ಅಮ್ಮನ ಜಡೆ ಬಿಡಿಸಿದ್ದು

ಹರಿಹರದ ಹೊಳೆದಂಡೆಯ ಕೇರಿಯಲ್ಲಿ ನಾನು ಮೊದಲ ಸಲ ಏಡ್ಸ್ ಬಗ್ಗೆ ಮಾತಾಡಿ ಬಂದ ಮೇಲೆ ಅಲ್ಲಿನ ಹೆಂಗಸರು ಏಡಿ ತಿನ್ನೋದು ಬಿಟ್ಟುಬಿಟ್ಟರು. ನನಗೆ ಇದು ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಒಬ್ಬ ಹೆಂಗಸು ತಾನಾಗೇ ಬಂದು, ನಾನು ಬಹುಮಾನ ಕೊಡ್ತೀನೇನೋ ಅನ್ನೋ ಹಂಗೆ ಹೇಳಿದಳು: "ನೀವು ಹೇಳಿದ ಮ್ಯಾಲೆ ನಮ್ಮನ್ಯಾಗೆ ಏಡಿ ಸಾರು ಮಾಡೇ ಇಲ್ರಿ ನರ್ಸವ್ವ. ಹುಡುಗ್ರು ಹಿಡ್ಕೊಂಡು ಬಂದ್ರೂ ಹೊಳೆಗೇ ಬಿಡಿಸಿದೀನಿ."

ನಗಬೇಕೋ ಅಳಬೇಕೋ ತಿಳೀಲಿಲ್ಲ. ಎಂಬತ್ತರ ದಶಕ ಮುಗೀತಾ ಬಂದಿತ್ತು. ಆ ರೋಗದ ಹೆಸರು ಪೇಪರಿನಲ್ಲಿ ಆಗಷ್ಟೇ ಕಾಣಿಸ್ಕೊಳ್ತಿತ್ತು. ನಾನು ನರ್ಸಿಂಗ್ ಮುಗಿಸಿ ದಾವಣಗೆರೆಯ ಒಂದು ಸಣ್ಣ ಸೇವಾ ಸಂಸ್ಥೆಗೆ ಸೇರಿದ್ದೆ. ಚಿತ್ರಪಟ ಹೆಗಲಿಗೆ ಹಾಕ್ಕೊಂಡು ಹೋಗೋದು, ಗೋಡೆಗೆ ನೇತುಹಾಕೋದು, ಕೋಲು ಹಿಡಿದು ಗುಪ್ತರೋಗಗಳ ಬಗ್ಗೆ, ಈ ಹೊಸ ರೋಗದ ಬಗ್ಗೆ ಹೆಂಗಸರಿಗೆ ತಿಳಿಸಿ ಹೇಳೋದು, ಇದು ನನ್ನ ಕೆಲಸ. ತಿಳಿಸಿ ಹೇಳಿದ್ದು ಹಿಂಗೆ ತಿಳಿದಿತ್ತು ನೋಡ್ರಿ. ಬಡವರಿಗೆ ಹೊಳೆ ಪುಗಸಟ್ಟೆ ಕೊಡೋ ಸಾರಿಗೂ ಕಲ್ಲು ಹಾಕಿದ್ದೆ. ಮನೆ ಮನೆಗೆ ಹೋಗಿ "ಏಡಿ ತಿನ್ರಿ, ಏಡಿಗೂ ಆ ರೋಗಕ್ಕೂ ಸಂಬಂಧ ಇಲ್ಲ" ಅಂತ ಹೇಳಿ ಬಂದೆ. ಚಿತ್ರಪಟ ಸುತ್ತಿ ಮನೇಲಿ ಅಟ್ಟಕ್ಕೆ ಎಸೆದೆ.

ನನ್ನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನಾನು ದಾವಣಗೆರೆಯ ಪಿಂಜಾರರ ಮನೆ ಹುಡುಗಿ. ನಮ್ಮಪ್ಪ ಬಿಲ್ಲು ಹೆಗಲಿಗೇರಿಸ್ಕೊಂಡು ಓಣಿ ಓಣಿ ತಿರುಗಿ ಹಳೇ ಗಾದಿಗಳ ಹತ್ತಿ ಹಿಂಜಿ ಕೊಡ್ತಿದ್ದ. ಕೇರಿಯಲ್ಲಿ ನನಗೆ 'ಸಾಬರ ನರ್ಸವ್ವ' ಅಂತ ಹೆಸರು ಬಿದ್ದಿತ್ತು. ಬೇಜಾರೇನಿರಲಿಲ್ಲ, ಹೌದಲ್ಲ.

ಆ ಕೇರಿಯ ಒಬ್ಬ ಹೆಂಗಸನ್ನ ಗುಪ್ತರೋಗದ ಚಿಕಿತ್ಸೆಗೆ ದಾವಣಗೆರೆಯ ದೊಡ್ಡಾಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತಿದ್ದೆ. ಚಿಕ್ಕಂದಿನಲ್ಲೇ ಅವಳಿಗೆ ಮುತ್ತು ಕಟ್ಟಿದ್ದರು. ಅಂದರೆ ದೇವಿಗೆ ಅಂತ ಬಿಟ್ಟಿದ್ದರು. ಹಂಗೆ ಬಿಟ್ಟವಳಿಗೆ ಮದುವೆ ಇಲ್ಲ, ಬರೋ ಗಂಡಸಿಗೆ ಬ್ಯಾಡ ಅನ್ನೋ ಹಕ್ಕೂ ಇಲ್ಲ. ಅದನ್ನ ತಡೆಯೋ ಕಾನೂನು ಬಂದು ಕೆಲವು ವರ್ಷ ಆಗಿತ್ತು. ಗುಟ್ಟಾಗಿ ಕಟ್ಟೋರು ಕಟ್ಟುತ್ತಲೇ ಇದ್ದರು. ಒಂದಿನ ಇಂಜೆಕ್ಷನ್ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಅವಳು ಮೆಲ್ಲಗೆ ಅಂದಳು: "ಸಿಸ್ಟರ್, ನನ್ನ ಮಗಳಿಗೆ ಜಡೆ ಬಿದ್ದೈತೆ."

ಬಸ್ಸಿನ ಗದ್ದಲದಲ್ಲಿ ನಾನು ಕೇಳಿಸ್ಕೊಂಡಿದ್ದು ಬರೇ ಜಡೆ. "ಒಳ್ಳೇದಾತಲ್ಲ. ಉದ್ದ ಐತಾ?" ಅಂದೆ.

ಅವಳು ನನ್ನ ಮುಖ ನೋಡಿದಳು. "ಹೆಣೆಯೋ ಜಡೆ ಅಲ್ರಿ. ಅಮ್ಮನ ಜಡೆ."

ಆಮೇಲೆ ತಿಳೀತು. ಒಂಬತ್ತು ತುಂಬಿದ ಮಗಳು ಟೈಫಾಯ್ಡಿನಲ್ಲಿ ವಾರಗಟ್ಟಲೆ ಮಲಗಿದ್ದಳು. ಬದುಕಿದ್ದೇ ಹೆಚ್ಚು ಅನ್ನೋ ಸ್ಥಿತಿಯಲ್ಲಿ ಯಾರು ತಲೆ ಬಾಚ್ತಾರೆ? ಬೆವರು, ಹೇನು, ಹುಣ್ಣಿನ ರಸ ಎಲ್ಲಾ ಸೇರಿ ಹಿಂದಲೆ ಕೂದಲು ಒಂದಕ್ಕೊಂದು ಹತ್ಕೊಂಡು ಹಗ್ಗದ ಹಂಗೆ ಆಗಿತ್ತು. ಅದನ್ನ ಮೊದಲು ನೋಡಿದ್ದು ಮನೆಯ ಅಜ್ಜಿ, ಇವಳ ತಾಯಿ. ಅಮ್ಮ, ಅಂದರೆ ಆ ದೇವಿ, ಕೂಸಿನ ತಲೆ ಮ್ಯಾಲೆ ಬಂದು ಕೂತಾಳೆ ಅಂತ ಭಂಡಾರದ ಅರಿಶಿಣ ಹಚ್ಚಿ ಕೈಮುಗಿದಳಂತೆ. ಭರತ ಹುಣ್ಣಿಮೆಗೆ ಅಮ್ಮನ ಗುಡಿ ಇರೋ ಗುಡ್ಡಕ್ಕೆ ಕರ್ಕೊಂಡು ಹೋಗಿ ಮುತ್ತು ಕಟ್ಟಿಸೋದು ಅಂತ ತೀರ್ಮಾನವೂ ಆಗಿತ್ತು.

"ನನ್ನ ಮಾತು ನಡೆಯಲ್ರಿ," ಅಂದಳು. "ನಂಗಾಗಿದ್ದು ಆತು. ಆ ಕೂಸಿಗೆ ಬ್ಯಾಡ."

ದೊಡ್ಡಾಸ್ಪತ್ರೆಯ ಲೇಡಿ ಡಾಕ್ಟರಿಗೆ ಹೇಳಿದೆ. ಅವರದ್ದು ಕಡ್ಡಿ ಮುರಿದಂಗೆ ಮಾತು. "ಕತ್ತರಿ ಹಾಕಿ ಬಿಸಾಕಿ, ಐದು ನಿಮಿಷದ ಕೆಲಸ," ಅಂದರು. ನಾನೂ ಹಂಗೇ ಅನ್ಕೊಂಡು ಚೀಲದಲ್ಲಿ ಕತ್ತರಿ ಇಟ್ಕೊಂಡು ಹೋದೆ. ಅಜ್ಜಿ ಜಗುಲಿ ಮೇಲೆ ಕೂತಿದ್ದಳು. ಅವಳ ತಲೆ ಮೇಲೂ ಜಡೆ ಇತ್ತು, ಸಿಂಬೆ ಸುತ್ತಿದ ಹಂಗೆ, ಬೂದಿ ಬಣ್ಣದ್ದು, ದೊಡ್ಡದು. ಆ ಭಾರಕ್ಕೆ ಕುತ್ತಿಗೆ ಒಂದು ಕಡೆ ವಾಲಿತ್ತು. ನಾನು ಇನ್ನೂ ಮಾತು ಶುರು ಮಾಡಿಲ್ಲ, ಚೀಲದ ಬಾಯಲ್ಲಿ ಕತ್ತರಿಯ ಹಿಡಿ ಕಂಡು ಅಜ್ಜಿ ಎದ್ದು ನಿಂತಳು.

"ಅಮ್ಮನ ಜಡೆಗೆ ಕತ್ತರಿ ಹಾಕಿದ್ರೆ ರಕ್ತ ಬರ್ತೈತೆ. ನಡಿ ಇಲ್ಲಿಂದ." ಬಾಗಿಲು ಹಾಕ್ಕೊಂಡಳು.

ಹಾಕ್ಕೊಂಡಿದ್ದೇ ಒಳ್ಳೇದಾಯ್ತು ಅಂತ ಈಗ ಅನ್ನಿಸ್ತದೆ. ಅವತ್ತು ಸಂಜೆ ಸಂಸ್ಥೆಯ ಹಿರಿಯಕ್ಕ ಒಂದು ಸಂಗತಿ ಹೇಳಿದರು. ಬೇರೆ ಊರಲ್ಲಿ ನಮ್ಮವರೇ ಒಬ್ಬರು ಒಂದು ಹುಡುಗಿಯ ಜಡೆ ಕತ್ತರಿಸಿ ಬಂದಿದ್ದರಂತೆ. ಅದರ ಬೆನ್ನಿಗೇ ಆ ಹುಡುಗಿಗೆ ವಾಂತಿಭೇದಿ. ಊರಿಗೆ ಊರೇ ಅಮ್ಮನ ಸಿಟ್ಟು ಅಂತು, ತಪ್ಪುಕಾಣಿಕೆ ಅಂತ ಬಂದ ಹುಣ್ಣಿಮೆಗೇ ಮುತ್ತು ಕಟ್ಟಿದರು. ಕೂದಲು ಹೋಗಿತ್ತು, ಭಯ ಹಂಗೇ ಇತ್ತು.

ಹಾವೂ ಸಾಯಬಾರದು, ಕೋಲೂ ಮುರೀಬಾರದು. ಹೆಂಗೆ ಅಂತ ಯೋಚನೆ ಮಾಡ್ತಾ ಮತ್ತೆ ಹೋದೆ, ಈ ಸಲ ಬರಿಗೈಲಿ. ಅಜ್ಜಿ ಎಲೆಅಡಿಕೆ ಹಾಕ್ಕೊಂತಾ ಇದ್ದಳು. ಕೂಡು ಅನ್ನಲಿಲ್ಲ, ನಾನೇ ಕೂತೆ.

"ಅಜ್ಜಿ, ಅಮ್ಮನೇ ಬಂದು ಕೂತಿದ್ರೆ ನಾನು ಬಿಡಿಸಿದ್ರೆ ಬಿಡ್ತಾಳಾ?"

"ಯಾಕ ಬಿಡ್ತಾಳೆ? ಬಿಡಲ್ಲ."

"ಹಂಗಾದ್ರೆ ನಿಮಗೇನು ಭಯ? ಕತ್ತರಿ ಮುಟ್ಟಲ್ಲ. ಎಣ್ಣೆ ಹಚ್ಚಿ ಬರೇ ಕೈಲಿ ಬಿಡಿಸ್ತೀನಿ. ಬಿಡಲಿಲ್ಲ ಅಂದ್ರೆ ಅಮ್ಮಂದು, ನಾನು ಕೈಮುಗಿದು ಹೋಗ್ತೀನಿ. ಬಿಟ್ಟುಕೊಡ್ತು ಅಂದ್ರೆ ಬರೇ ಕೂದಲು, ಗುಡ್ಡಕ್ಕೆ ಹೋಗೋದು ಬ್ಯಾಡ. ಅಮ್ಮನೇ ಹೇಳ್ಲಿ."

ಅಜ್ಜಿ ಬಹಳ ಹೊತ್ತು ಅಗಿದಳು. ಆಮೇಲೆ ಅವಳು ಕೊಟ್ಟ ಕಾರಣ ನಾನು ಸಾಯೋ ತನಕ ಮರೆಯಲ್ಲ. "ನಮ್ಮೋರು ಯಾರೂ ಮುಟ್ಟಂಗಿಲ್ಲ. ನೀನು ಸಾಬರಾಕಿ. ನಿಂಗೆ ನಮ್ಮಮ್ಮನ ರೀತಿ ರಿವಾಜು ತಿಳಿಯಲ್ಲ, ಅವಳೂ ನಿನ್ನ ಮ್ಯಾಲೆ ಸಿಟ್ಟಾಗಲ್ಲ. ನೀನಾದ್ರೆ ಮುಟ್ಟು." ಷರತ್ತೂ ಹಾಕಿದಳು. ಮಂಗಳವಾರ, ಶುಕ್ರವಾರ ಬ್ಯಾಡ. ಒಂದೆಳೆ ಕತ್ತರಿಸಿದರೂ ಮಾತು ಮುರೀತು.

ಹುಡುಗಿಯನ್ನ ಆಗ ಸರಿಯಾಗಿ ನೋಡಿದೆ. ಜ್ವರ ತಿಂದ ಮೈ, ಕಣ್ಣು ಮಾತ್ರ ಚುರುಕು. "ನೋವಾಗ್ತದಾ?" ಅಂದಳು. "ಆದ್ರೆ ಬೈ ನನ್ನ," ಅಂದೆ. "ಏನಂತ ಬೈಲಿ?" ಅಂತ ಕೇಳಿದಳು, ನಿಜಕ್ಕೂ ಗೊತ್ತಿಲ್ಲದೆ. ನನಗೆ ಅವಳ ಮೇಲೆ ಅವಾಗಲೇ ಜೀವ ಹತ್ತಿತು.

ಶುರುವಿನಲ್ಲೇ ಕೆಡಿಸಿದೆ. ಕೊಳೆ ಹೋದರೆ ಗಂಟು ಸಡಿಲ ಆಗ್ತದೆ ಅಂತ ಬಿಸಿನೀರು, ಸೀಗೆಪುಡಿ ಹಾಕಿ ತಿಕ್ಕಿದೆ. ಒಣಗಿದ ಮೇಲೆ ನೋಡಿದರೆ ಮೊದಲಿಗಿಂತ ಬಿಗಿ. ಅಜ್ಜಿ ನಕ್ಕಳು. ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತೆ. ಅಪ್ಪ ಅಂಗಳದಲ್ಲಿ ಯಾರದ್ದೋ ಹಳೇ ಗಾದಿ ಬಿಚ್ಚಿಕೊಂಡು ಕೂತಿದ್ದ. ಗಾದಿ ಎಲ್ಲೋ ನೆನೆದಿತ್ತು ಅಂತ ಕಾಣ್ತದೆ, ಹತ್ತಿ ಹೆಪ್ಪುಗಟ್ಟಿತ್ತು. ಅದನ್ನ ಬಿಸಿಲಿಗೆ ಹರವಿದ್ದ. ನೀರು ಬಿದ್ದ ಹತ್ತಿಗೆ ಬಿಲ್ಲು ಹಾಕಬಾರದು, ಒಣಗಿಸಿ ಅಂಚಿನಿಂದ ಚೂರು ಚೂರೇ ಕೈಲಿ ಬಿಡಿಸ್ಕೊಂತಾ ಹೋಗಬೇಕು, ನಡುವಿಗೆ ಕೈ ಹಾಕಿ ಎಳೆದರೆ ಮುಗೀತು. ಹುಟ್ಟಿದಾಗಿನಿಂದ ನೋಡಿದ್ದ ಕೆಲಸ ನನಗೆ ಹೊಳೆದೇ ಇರಲಿಲ್ಲ.

ಮಾರನೇ ದಿನದಿಂದ ನೀರು ಬಂದ್. ಕೊಬ್ಬರಿ ಎಣ್ಣೆ ಉಗುರುಬೆಚ್ಚಗೆ ಮಾಡಿ ಸಂಜೆ ಹೊತ್ತು ಗಂಟಿನೊಳಗೆ ಇಳಿಯೋ ಹಂಗೆ ಹಚ್ಚಿ, ಹಳೇ ಸೀರೆ ತುಂಡು ಕಟ್ಟಿ ಮಲಗಿಸ್ರಿ ಅಂತ ತಾಯಿಗೆ ಹೇಳಿ ಬರ್ತಿದ್ದೆ. ಮೊದಲನೇ ಬಸ್ಸಿಗೆ ಹೋಗಿ ಹುಡುಗಿಯನ್ನ ಬೆಳಕಿಗೆ ಬೆನ್ನು ಮಾಡಿ ಕೂಡಿಸ್ಕೊಳ್ತಿದ್ದೆ. ಗೋಣಿಚೀಲ ಹೊಲಿಯೋ ದಬ್ಬಳವನ್ನ ಕಲ್ಲಿಗೆ ಉಜ್ಜಿ ಮೊನೆ ಮೊಂಡು ಮಾಡಿಟ್ಟುಕೊಂಡಿದ್ದೆ. ಎಡಗೈಲಿ ಬುಡ ಗಟ್ಟಿಯಾಗಿ ಹಿಡೀಬೇಕು, ತಲೆಗೆ ಜಗ್ಗು ತಾಕಬಾರದು. ಬಲಗೈಲಿ ದಬ್ಬಳ ಗಂಟಿನ ತುದಿಯಲ್ಲಿ ತೂರಿಸಿ ನಾಲ್ಕೋ ಐದೋ ಎಳೆ ಮೆಲ್ಲಗೆ ಹೊರಗೆ ತೆಗೀಬೇಕು. ಭಂಡಾರ ಎಣ್ಣೇಲಿ ಕಲೆತು ಒಣಗಿ ಕಂಕರ ಆಗಿದ್ದ ಕಡೆ ಉಗುರಲ್ಲಿ ಪುಡಿ ಮಾಡಿ ಉದುರಿಸಬೇಕು. ಒಂದು ಬೆಳಿಗ್ಗೆ ಪೂರ್ತಿ ಕೂತರೆ ಹೆಬ್ಬೆರಳಿನಷ್ಟು ಬಿಡ್ತಿತ್ತು. ಬಿಟ್ಟ ಎಳೆಗಳನ್ನ ಬೇರೆ ತೆಗೆದು ದಾರದಲ್ಲಿ ಕಟ್ಟಿಡ್ತಿದ್ದೆ, ಇಲ್ಲಾಂದರೆ ಅವು ಮತ್ತೆ ಹೋಗಿ ಸೇರ್ಕೊಳ್ತವೆ. ಕೆಳಗೆ ಹುಣ್ಣು ಕಂಡಲ್ಲಿ ನೀಲಿ ಔಷಧಿ ಹಚ್ತಿದ್ದೆ.

ಸಾಬರ ನರ್ಸವ್ವ ಅಮ್ಮನ ಜಡೆ ಬಿಡಿಸ್ತಾಳಂತೆ ಅನ್ನೋದು ಕೇರಿಗೆಲ್ಲ ಹಬ್ಬಿತು. ಹೆಂಗಸರು ನೋಡೋಕೆ ಬಂದರು. ಕೆಲವರು ಅಮ್ಮ ಇವಳಿಗೆ ಏನು ಮಾಡ್ತಾಳೋ ಅಂತ, ಕೆಲವರು ಸುಮ್ಮನೆ. ಕೂತವರು ಅಕ್ಕಿ ಆರಿಸ್ತಾ, ಕೂಸಿಗೆ ಹಾಲು ಕುಡಿಸ್ತಾ ಕೂತೇ ಇರ್ತಿದ್ದರು. ನನ್ನ ಚಿತ್ರಪಟಕ್ಕೆ ಒಂದಿನವೂ ಇಷ್ಟು ಜನ ಸೇರಿರಲಿಲ್ಲ. ಕೈ ಕೆಲಸದಲ್ಲಿತ್ತು, ಬಾಯಿ ಖಾಲಿ ಇತ್ತು. ಅವರೇ ಕೇಳಿದರು, ನಾನು ಹೇಳಿದೆ.

"ಆ ಏಡಿ ಅಲ್ಲದ ರೋಗ ಯಾವುದ್ರಿ ಮತ್ತೆ?" ಅಂತ ಒಬ್ಬಾಕಿ ಶುರು ಮಾಡಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಹೆಣ್ಣು ಗಂಡು ಕೂಡೋದ್ರಿಂದ ಬರ್ತದೆ, ರೋಗ ಇದ್ದೋರ ರಕ್ತದಿಂದ ಬರ್ತದೆ, ಕುದಿಸದೇ ಇರೋ ಸೂಜಿಯಿಂದ ಬರ್ತದೆ ಅಂತ ಹೇಳಿದೆ. ಒಂದೇ ತಟ್ಟೇಲಿ ಉಂಡರೆ ಬರಲ್ಲ, ಮುಟ್ಟಿದರೆ ಬರಲ್ಲ. ಬಂದೋನು ವರ್ಷಗಟ್ಟಲೆ ಕಲ್ಲುಗುಂಡಿನ ಹಂಗೆ ಇರ್ತಾನೆ, ನೋಡಿದರೆ ತಿಳಿಯಲ್ಲ. ಔಷಧಿ ಇಲ್ಲ. ನಿರೋಧ್ ಹಾಕ್ಕೊಂಡರೆ ತಡೀಬಹುದು. ಆಗ ಒಬ್ಬ ಎಳೇ ವಯಸ್ಸಿನಾಕಿ ಕೇಳಿದಳು: "ಹಾಕ್ಕೋ ಅಂದ್ರೆ ಅವ್ರು ನಮ್ಮ ಮಾತು ಕೇಳ್ತಾರೇನ್ರಿ?" ಕೇಳಲ್ಲ ಅಂತಲೇ ಹೇಳಿದೆ. ಅಜ್ಜಿ ಕಂಬಕ್ಕೆ ಒರಗಿ ಕೂತು ಎಲ್ಲಾ ಕೇಳಿಸ್ಕೊಂತಿದ್ದಳು.

ಅರ್ಧಕ್ಕಿಂತ ಹೆಚ್ಚು ಬಿಟ್ಟಿತ್ತು. ಆವಾಗ ಹುಡುಗಿಗೆ ಜ್ವರ ಬಂತು.

ನಾನು ಹೋಗೋ ಹೊತ್ತಿಗೆ ಮನೆ ಮುಂದೆ ಜನ. ಹುಡುಗಿ ಮೈ ಕೆಂಡ. ಕಿವಿ ಹಿಂದೆ, ಕುತ್ತಿಗೇಲಿ ಗಡ್ಡೆ ಊದಿತ್ತು. ಅಜ್ಜಿ ನನ್ನ ಬೈಲಿಲ್ಲ. ಬೈದಿದ್ದರೆ ವಾಸಿ ಇತ್ತು. "ನಿನ್ನ ಮ್ಯಾಲೆ ಸಿಟ್ಟಾಗಲ್ಲ ಅಂದಿದ್ದೆ ನೋಡು, ಕೂಸಿನ ಮ್ಯಾಲೆ ಆದ್ಲು," ಅಂದಳು ಅಷ್ಟೇ.

ಹುಣ್ಣು ಕೀವಾಗಿ ಗಡ್ಡೆ ಊದಿದೆ ಅಂತ ನನಗೆ ಗೊತ್ತಿತ್ತು. ಆದರೆ ಅವತ್ತು ಅಲ್ಲಿ ನನ್ನ ಮಾತನ್ನ ಯಾರು ಕೇಳ್ತಾರೆ? ತಾಯಿ ಯಾರ ಮಾತಿಗೂ ಕಾಯಲಿಲ್ಲ, ಮಗಳನ್ನ ಸೆರಗಲ್ಲಿ ಸುತ್ತಿ ಹೆಗಲಿಗೆ ಹಾಕ್ಕೊಂಡು ರಸ್ತೆ ಕಡೆ ನಡೆದೇಬಿಟ್ಟಳು. ಅಜ್ಜಿಯೂ ಹಿಂದೆ ಬಂದಳು. ನಾನೂ ಅವರ ಜೊತೆ ದಾವಣಗೆರೆ ಬಸ್ ಹತ್ತಿದೆ.

ಲೇಡಿ ಡಾಕ್ಟರು ಹುಡುಗಿಯನ್ನ ಸೇರಿಸ್ಕೊಂಡರು. ಪರೀಕ್ಷೆ ಮಾಡೋವಾಗ ಅಜ್ಜಿಯನ್ನ ಹತ್ತಿರ ಕರೆದು, ಬಿಡಿಸಿದ ಜಾಗ ತೋರಿಸಿದರು. "ನೋಡಮ್ಮ, ಇಲ್ಲಿ ಗಾಳಿ ಆಡಿ ಹುಣ್ಣು ಒಣಗೈತೆ. ಇಲ್ಲಿ ಇನ್ನೂ ಮುಚ್ಕೊಂಡೈತೆ, ಇದರ ಅಡಿ ಕೀವು. ಜ್ವರ ಬಂದಿದ್ದು ಇನ್ನೂ ಬಿಡಿಸದೇ ಇರೋ ಕಡೆಯಿಂದ." ಅಜ್ಜಿ ಬಗ್ಗಿ ನೋಡಿದಳು. ಕತ್ತರಿ ಹಾಕಿ ಅಂದಿದ್ದ ಡಾಕ್ಟರು ಅವತ್ತು ಆ ಮಾತೇ ಎತ್ತಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ.

ಇಂಜೆಕ್ಷನ್ನಿಗೆ ಜ್ವರ ಇಳೀತು. ಹುಡುಗಿ ಎದ್ದು ಕೂತು ಬನ್ನು ಕೇಳಿದಳು. ಮನೆಗೆ ಕಳಿಸೋ ದಿನ ಆಸ್ಪತ್ರೆ ವರಾಂಡದಲ್ಲಿ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಮುಂದೇನು ಅಂತ ನನಗೆ ಆಗ ತೀರ್ಮಾನ ಮಾಡಬೇಕಿತ್ತು. ಹುಣ್ಣಿಮೆ ದೂರ ಇರಲಿಲ್ಲ. ನಾನೇ ಕೂತರೆ ಉಳಿದದ್ದನ್ನ ಬಿಡಿಸಿ ಮುಗಿಸಬಲ್ಲೆ, ಕೈ ಪಳಗಿತ್ತು. ಆದರೆ ನಾನು ಬಿಡಿಸಿದ್ದು ನನ್ನದೇ ಆಗ್ತದೆ. ಮುಂದಿನ ವರ್ಷ ಹುಡುಗಿಗೆ ಕೆಮ್ಮು ಬಂದರೂ 'ಸಾಬರಾಕಿ ಮುಟ್ಟಿದ್ದಕ್ಕೆ' ಅಂತಾರೆ, ಮತ್ತೆ ಗುಡ್ಡಕ್ಕೆ ಹೊರಡ್ತಾರೆ. ಅಜ್ಜಿ ಕೈಯಿಂದಲೇ ಬಿಡಬೇಕು. ಅವಳು ಬಿಡಿಸದೇ ಹೋದರೆ? ಹೋದರೆ ಹುಡುಗಿ ಹೋದ ಹಂಗೇ.

ಎಣ್ಣೆ ಶೀಷೆ, ದಬ್ಬಳ, ಬಾಚಣಿಗೆ ತೆಗೆದು ಅಜ್ಜಿ ಮಡಿಲಿಗೆ ಹಾಕಿದೆ. ಜೊತೆಗೆ ಕತ್ತರಿಯನ್ನೂ, ಅದೂ ಅವಳ ಕೈಲೇ ಇರಲಿ ಅಂತ. "ಇನ್ನು ನಾನು ಮುಟ್ಟಲ್ಲ ಅಜ್ಜಿ. ಉಳಿದಿದ್ದನ್ನ ನೀವು ಬಿಡಿಸ್ರಿ, ಇಲ್ಲಾಂದ್ರೆ ಹಂಗೇ ಬಿಡ್ರಿ. ನಿಮ್ಮಮ್ಮನ್ನ ನೀವೇ ಕೇಳ್ರಿ. ನೀವೇನು ಮಾಡಿದ್ರೂ ನಾನು ಪೊಲೀಸರ ಹತ್ರ ಹೋಗಲ್ಲ ಅಂತ ಮಾತ್ರ ಹೇಳೋಕಾಗಲ್ಲ."

"ಹೋಗು, ಯಾರು ಬ್ಯಾಡ ಅಂದ್ರು," ಅಂದಳು ಅಜ್ಜಿ. ತಾಯಿ ಮಾತ್ರ ನನ್ನ ಹಿಂದೆ ಬಾಗಿಲ ತನಕ ಬಂದಳು. "ನೀವೂ ಕೈ ಬಿಟ್ರಾ ಸಿಸ್ಟರ್?" ಆ ಮಾತು ನೆಟ್ಟಗೆ ಎದೆಗೆ ಬಿತ್ತು. ತಿರುಗಿ ನೋಡದೆ ಹೊರಟೆ.

ಆಮೇಲಿನ ದಿನ ಹೆಂಗೆ ಕಳೆದೆ ಅಂತ ನನಗೇ ಗೊತ್ತು. ಮಾಯಕೊಂಡದ ಕಡೆ ಕೆಲಸ ಹಾಕಿಸ್ಕೊಂಡು ಹೋದೆ, ಅಲ್ಲಿ ಯಾರ ಮಗುವಿನ ಜಡೆ ಕಂಡರೂ ಹತ್ತಿರ ಕರೆದು ಬುಡ ನೋಡ್ತಿದ್ದೆ. ಮನೇಲಿ ಅಮ್ಮಿ, ನಮ್ಮ ತಾಯಿ, ಊಟಕ್ಕೆ ಕರೆದರೆ ಬ್ಯಾಡ ಅಂತಿದ್ದೆ. ಕೊನೆಗೆ ತಡೀಲಾರದೆ ಹರಿಹರದ ಬಸ್ ಹತ್ತಿದೆ. ಹುಣ್ಣಿಮೆಗೆ ಇನ್ನೂ ಕೆಲವು ದಿನ ಇತ್ತು.

ಓಣಿ ತಿರುಗೋ ಹೊತ್ತಿಗೇ ಹುಡುಗಿ ದನಿ ಕೇಳಿಸ್ತು: "ಮೆಲ್ಲಕ ಅಜ್ಜಿ, ಬುಡ ಹಿಡ್ಕೋ. ನರ್ಸವ್ವ ಬುಡ ಹಿಡ್ಕೊಂತಿದ್ರು."

ಜಗುಲಿ ಮೇಲೆ ಅಜ್ಜಿ ಕಾಲು ಚಾಚಿ ಕೂತಿದ್ದಳು, ಮೊಮ್ಮಗಳು ಮುಂದೆ. ದಬ್ಬಳ ಪಕ್ಕದಲ್ಲಿ ಬಿದ್ದಿತ್ತು, ಬರೇ ಬೆರಳಲ್ಲೇ ಬಿಡಿಸ್ತಿದ್ದಳು. ತಲೆ ಎತ್ತದೆ ಅಂದಳು: "ಬಂದ್ಯಾ. ಎಣ್ಣೆ ತೀರೈತೆ."

ಅಂಗಡಿಗೆ ಓಡಿಹೋಗಿ ಎಣ್ಣೆ ತಂದುಕೊಟ್ಟು ದೂರ ಕೂತೆ. ಕೈ ತುರಿಸ್ತಿತ್ತು, ಆದರೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಕೇಳಿದಳು: "ನೀನು ಹೇಳಿದ್ಯಲ್ಲ, ಔಷಧಿ ಇಲ್ಲದ್ದು. ಮುತ್ತು ಕಟ್ಟಿಸ್ಕೊಂಡೋರಿಗೆ ಅದು ಬರ್ತೈತಾ?"

"ಮುತ್ತಿನಿಂದ ಬರಲ್ಲ ಅಜ್ಜಿ. ಬರೋ ಗಂಡಸರಿಂದ ಬರ್ತದೆ. ಬ್ಯಾಡ ಅನ್ನೋಕೆ ಆಗದೇ ಇರೋರಿಗೆ ಬೇಗ ಬರ್ತದೆ."

"ಹಂಗಾದ್ರೆ ಈ ಕೂಸನ್ನ ಅಮ್ಮಗೆ ಬಿಟ್ಟಂಗಾಗಲ್ಲ. ಆ ರೋಗಕ್ಕೆ ಬಿಟ್ಟಂಗಾತದೆ." ನನಗಲ್ಲ, ತನಗೇ ಹೇಳ್ಕೊಂಡ ಹಂಗಿತ್ತು. ಬೆರಳು ನಿಲ್ಲಲಿಲ್ಲ.

ಕುತ್ತಿಗೆ ಹತ್ತಿರ ಕೊನೆಯದೊಂದು ಗಂಟು ಉಳೀತು, ಅಡಿಕೆ ಗಾತ್ರದ್ದು. ಅಜ್ಜಿ ಎಣ್ಣೆ ಬಿಟ್ಟಳು, ಉಗುರು ಹಾಕಿದಳು, ದಬ್ಬಳ ಹಾಕಿದಳು. ಬಗ್ಗಲಿಲ್ಲ. ತಾಯಿ ಬಾಗಿಲಲ್ಲಿ ನಿಂತು ನೋಡ್ತಿದ್ದಳು. ಬಿಡದೇ ಇದ್ದದ್ದು ಅಮ್ಮಂದು ಅಂತ ಮಾತು ಆಡಿದ್ದು ನಾನೇ.

ಅಜ್ಜಿ ಆ ಗಂಟನ್ನ ಬೆರಳಲ್ಲಿ ಹಿಡಿದಳು. ಆಮೇಲೆ ಮೆಲ್ಲಗೆ, ಮನೆ ಹಿರಿಯರ ಹತ್ರ ಮಾತಾಡೋ ಹಂಗೆ ಅಂದಳು: "ತಾಯಿ, ಇಷ್ಟು ಬಿಟ್ಟುಕೊಟ್ಟೀಯ. ಚೂರಿಗೆ ಹಠ ಮಾಡಬ್ಯಾಡ. ತಪ್ಪಿದ್ರೆ ನನ್ನ ಮ್ಯಾಲಿರ್ಲಿ." ಮಡಿಲಲ್ಲೇ ಇಟ್ಕೊಂಡಿದ್ದ ಕತ್ತರಿ ತೆಗೆದು ಕತ್ತರಿಸಿದಳು. ಕತ್ತರಿಸಿದ ಜಾಗವನ್ನ ಹೆಬ್ಬೆರಳಲ್ಲಿ ಒತ್ತಿ, ಬೆರಳು ತಿರುಗಿಸಿ ನೋಡಿದಳು. ಎಣ್ಣೆ ಇತ್ತು ಅಷ್ಟೇ.

"ಗುಡ್ಡಕ್ಕೆ ಹೋಗಲ್ಲ," ಅಂದಳು. "ಹಣ್ಣುಕಾಯಿ ಕೊಟ್ಟು ಕಳಿಸಿದ್ರಾತು."

ಹುಡುಗಿ ಎದ್ದಳು. ಹಿಂದಲೆಗೆ ಕೈ ಹಾಕಿ ನೋಡ್ಕೊಂಡಳು, ಮತ್ತೆ ಮತ್ತೆ ನೋಡ್ಕೊಂಡಳು. ಆಮೇಲೆ ಯಾರಿಗೂ ಹೇಳದೆ ಓಣಿಗೆ ಓಡಿದಳು. ತಾಯಿ ಬಾಗಿಲಲ್ಲೇ ಕುಸಿದು ಕೂತು ಅತ್ತಳು. ನನಗೂ ಕಣ್ಣು ತುಂಬಿ ಏನೂ ಕಾಣಲಿಲ್ಲ.

ಅಜ್ಜಿ ಮಾತ್ರ ಎಣ್ಣೆ ಕೈಗಳನ್ನ ಹಂಗೇ ಮೇಲೆ ಹಿಡ್ಕೊಂಡು ಕೂತಿದ್ದಳು. "ಕೈ ತೊಳ್ಕೊಳ್ರಿ ಅಜ್ಜಿ," ಅಂದೆ.

"ನಂಗೂ ಹಿಂಗೇ ಜ್ವರ ಬಂದಿತ್ತು," ಅಂದಳು. "ಈ ಕೂಸಿನಷ್ಟೇ ಇದ್ದೆ. ನಮ್ಮವ್ವ ಎಣ್ಣೆ ತರಾಕೆ ಹೋಗಲಿಲ್ಲ. ಪೂಜಾರಿನ ಕರಿಯಾಕೆ ಹೋದ್ಲು."

ಬಾಗಿಲಲ್ಲಿ ಕೂತಿದ್ದ ಅಜ್ಜಿಯ ಮಗಳು ಕಣ್ಣು ಒರೆಸ್ಕೊಂಡು ಎದ್ದು ಬಂದಳು. ತಾಯಿಯ ಹಿಂದೆ ಕೂತು, ಶೀಷೆಯಲ್ಲಿ ಉಳಿದಿದ್ದ ಎಣ್ಣೆಯನ್ನ ಅಂಗೈಗೆ ಸುರ್ಕೊಂಡು ಆ ಬೂದಿ ಬಣ್ಣದ ದೊಡ್ಡ ಸಿಂಬೆಯ ಮೇಲೆ ಇಟ್ಟಳು.

ಅಜ್ಜಿ ತಲೆ ಕೊಡವಿದಳು. "ಬ್ಯಾಡ ಬಿಡು. ಇದು ಇನ್ನ ಬಿಡಲ್ಲ."

"ಬಿಡದಿದ್ರೆ ಬ್ಯಾಡ ಬಿಡವ್ವ," ಅಂದಳು ಮಗಳು. "ಎಣ್ಣೆನಾದ್ರೂ ಹಚ್ತೀನಿ."